ನಾನು ಸೊಲ್ಲು ಹಿಡಿದದ್ದು

ಮೊಮ್ಮಗಳು ತಾನೇ ಕಟ್ಟಿ ಹಾಡಿದ ಪದಗಳ ರೆಕಾರ್ಡು ಬಂತು! ಭಾಂಡುಪಿನ ನಮ್ಮ ಚಾಳಿನ ಮನೆಮನೆಗೂ ಕೂಗಿ ಹೇಳಿದೆ. ಆದರೂ ಹಾಕಿ ಕೇಳಲು ಅಂಜಿದೆ.

ನಗರದ ಫೋರ್ಟ್ ಭಾಗದ ಸ್ಟುಡಿಯೋದಲ್ಲಿ ಅವಳು ಬಿಲ್ಡಿಂಗ್ ಕೆಲಸದ ಹೆಂಗಸರ ಮೇಲೆ ಕಟ್ಟಿದ ಪದ ಹಾಡುವಾಗ ನಾನು ಮೂಲೆಯಲ್ಲಿದ್ದೆ. ಬುಟ್ಟಿ ಹೊರುವಾಗ ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಹಿಡಿಯಲೇಬೇಕು, ಅದು ನಮ್ಮ ರೂಢಿ. ಅವಳು ಉಸಿರಿಗೆ ನಿಂತಳು, ನಾನು ಹಿಡಿದುಬಿಟ್ಟೆ. ಗಾಜಿನ ಆಚೆ ಕೂತವರು ಹಣೆ ಚಚ್ಚಿಕೊಂಡರು. ನನ್ನಿಂದಾಗಿ ಆ ಪದವನ್ನೇ ತೆಗೆದಿರುತ್ತಾರೆಂದು ತಿಂಗಳುಗಟ್ಟಲೆ ಕೂತಲ್ಲಿ ಕೂರಲಿಲ್ಲ.

ಎರವಲು ತಂದ ಗ್ರಾಮೊಫೋನಿನ ಮೇಲೆ ರೆಕಾರ್ಡು ತಿರುಗಿತು. ಅವಳ ದನಿಯ ಬೆನ್ನಿಗೇ ನನ್ನ ದನಿ!

“ಯವ್ವಾ, ಇದನ್ಯಾಕ ಇಟ್ರು?” ಎಂದೆ ಮೊಮ್ಮಗಳಿಗೆ.

“ಅಜ್ಜಿ, ನೀ ಹಿಡದಿದ್ದಕ್ಕ ಅದು ಪದ ಆತು.”

“ಅವ್ವ ಈಗ ದೊಡ್ಡ ಮಂದಿ. ರೊಟ್ಟಿ ಬಡಿಯಾವ್ರ್ಯಾರು?” ಎಂದು ಮಗ ಛೇಡಿಸಿದ.

ನಾನೇ ಬಡಿದೆ. ಸಂಜೆ ಒಂದೇ ಖೋಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎಲ್ಲರೂ ಉಂಡೆವು.