ಪೂವಕ್ಕ ಎಂಬ ನಕಲಿ ರೋಗಿ

ಇಂಥ ಸಂಗತಿಯನ್ನು ಯಾರಾದರೂ ಹೇಳತೊಡಗಿದರೆ ಅರ್ಧದಲ್ಲೇ ತಡೆದು ಪ್ರಶ್ನೆ ಕೇಳುವವಳು ನಾನು. ಆಗ ನೀವು ಸರಿಯಾಗಿ ನಿದ್ದೆ ಮಾಡಿದ್ದಿರಾ, ಮೊದಲೇ ಎಲ್ಲೋ ಕೇಳಿ ಮರೆತಿದ್ದಿರಾ, ಎಂದೆಲ್ಲ ಕೆದಕಿ ಎದುರಿನವರ ಉತ್ಸಾಹವನ್ನೇ ಕೆಡಿಸಿಬಿಡುತ್ತಿದ್ದೆ. ಸುಳ್ಯದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷ ಪಾಠ ಮಾಡಿದ್ದೇನೆ. ಯಂತ್ರ ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ, ನಾವು ಹೇಳಿಕೊಟ್ಟದ್ದನ್ನೇ ತಿರುಗಿ ಒಪ್ಪಿಸುತ್ತದೆ ಎಂದು ಪ್ರತಿ ತಂಡಕ್ಕೂ ಮೊದಲ ದಿನವೇ ಹೇಳುತ್ತಿದ್ದೆ. ಆದ್ದರಿಂದ ಈಗ ನಾನು ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ತರಬೇತಿ ಕೇಂದ್ರ ಮುಚ್ಚಿದ ಮೇಲೆ ಪುತ್ತೂರಿನ ಒಂದು ಸಣ್ಣ ಆಫೀಸಿಗೆ ಸೇರಿದೆ. ಕೆಳಗೆ ಟಯರ್ ಅಂಗಡಿ, ಮೇಲೆ ನಾವು. ಅಲ್ಲಿ ಕೆಲಸ ಮಾಡುವವರು ಇಬ್ಬರೇ, ನಾನು ಮತ್ತು ಬಿನು. ಮಾಲಕರು ಗಿರಾಕಿಗಳನ್ನು ಹುಡುಕಿಕೊಂಡು ಯಾವಾಗಲೂ ಹೊರಗೆ. ಬಿನು ನೆಲ್ಯಾಡಿ ಕಡೆಯವನು. ಅವನ ಅಜ್ಜನ ಕಾಲದಲ್ಲಿ ರಬ್ಬರ್ ತೋಟ ಹಾಕಲೆಂದು ಕೇರಳದಿಂದ ಬಂದ ಕುಟುಂಬ. ವಯಸ್ಸು ಮೂವತ್ತೆರಡೋ ಮೂವತ್ತಮೂರೋ, ಎರಡು ಮಕ್ಕಳ ತಂದೆ, ಮಾತು ಕಡಿಮೆ. ನನ್ನನ್ನು ಅವನ ಮನೆಮಾತಿನಲ್ಲಿ ಅಕ್ಕನನ್ನು ಕರೆಯುವಂತೆ 'ಚೇಚಿ' ಎಂದು ಕರೆಯುತ್ತಾನೆ. ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷೆ ಮಾಡುವುದು ನನ್ನದು.

ಆ ವರ್ಷ ನಾವು ಸುಳ್ಯ ತಾಲೂಕಿನ ಒಂದು ಚಿಕ್ಕ ಆಸ್ಪತ್ರೆಗಾಗಿ ಕೆಲಸ ಮಾಡುತ್ತಿದ್ದೆವು. ಆಸ್ಪತ್ರೆಯ ಹೆಸರು ಬೇಡ. ನಡೆದದ್ದರಲ್ಲಿ ಅವರ ತಪ್ಪು ಏನೂ ಇರಲಿಲ್ಲ. ರೋಗಿ ಬಂದ ಕೂಡಲೇ ಹೆಸರು, ಊರು ದಾಖಲಾಗಬೇಕು, ಡಾಕ್ಟರು ಬರೆದ ಮದ್ದಿನ ಚೀಟಿ ಅಚ್ಚಾಗಿ ಬರಬೇಕು. ಯಾವುದಾದರೂ ಮದ್ದು ಆ ರೋಗಿಗೆ ಆಗುವುದಿಲ್ಲ ಎಂದು ದಾಖಲೆಯಲ್ಲಿದ್ದರೆ ಚೀಟಿಯ ತಲೆಯಲ್ಲಿ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರಬೇಕು. ಇಷ್ಟೇ.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಲೇಬೇಕು. ಇಂಥ ಪ್ರೋಗ್ರಾಮಿನ ಒಂದೊಂದು ತುಂಡನ್ನು ಪರೀಕ್ಷಿಸುವಾಗ ನಾವು ನಿಜವಾದ ರೋಗಿಗಳ ದಾಖಲೆಯನ್ನು ಮುಟ್ಟುವುದಿಲ್ಲ. ಅದರ ಜಾಗದಲ್ಲಿ ಒಂದು ನಕಲಿಯನ್ನು ನಿಲ್ಲಿಸುತ್ತೇವೆ. ಅದಕ್ಕೆ ಮಾಕ್ ಎನ್ನುತ್ತಾರೆ. ಹೆಸರು ಕೇಳಿದರೆ ಇದನ್ನು ಹೇಳು, ಅಲರ್ಜಿ ಕೇಳಿದರೆ ಇಲ್ಲ ಎನ್ನು ಎಂದು ಬರೆದುಕೊಟ್ಟರೆ ಅದು ಅಷ್ಟನ್ನೇ ಹೇಳುತ್ತದೆ. ಅದರ ಹಿಂದೆ ಮನುಷ್ಯರಿಲ್ಲ, ದಾಖಲೆಯಿಲ್ಲ, ಏನೂ ಇಲ್ಲ.

ಬಿನು ತನ್ನ ನಕಲಿ ರೋಗಿಗಳಿಗೆ ಟೆಸ್ಟ್ ಒನ್, ಟೆಸ್ಟ್ ಟೂ ಎಂದು ಹೆಸರಿಡುತ್ತಿದ್ದ. ನನಗೆ ಅದು ಸರಿ ಕಾಣುತ್ತಿರಲಿಲ್ಲ. ಕನ್ನಡದ ಒತ್ತಕ್ಷರಗಳು ಚೀಟಿಯಲ್ಲಿ ಸರಿಯಾಗಿ ಮೂಡುತ್ತವೆಯೋ ಇಲ್ಲವೋ ಎಂದೂ ನೋಡಬೇಕಿತ್ತು. ಹಾಗಾಗಿ ನಾನೇ ಒಬ್ಬರನ್ನು ಸೃಷ್ಟಿಸಿದೆ. ಪೂವಕ್ಕ, ವಯಸ್ಸು ಅರುವತ್ತೊಂದು, ಊರು ಮಂಡೆಕೋಲು, ಅಲರ್ಜಿ ಇಲ್ಲ. ಆ ಹೆಸರು ಎಲ್ಲಿಂದ ಬಂತು ಎಂದರೆ ನನಗೆ ಗೊತ್ತಿಲ್ಲ. ಬೆರಳು ಟೈಪ್ ಮಾಡಿತು, ಅಷ್ಟೆ. ಮಂಡೆಕೋಲಿಗೆ ನಾನು ಅಲ್ಲಿಯವರೆಗೆ ಹೋದವಳೂ ಅಲ್ಲ.

ಪೂವಕ್ಕನಿಗೆ ಅಲರ್ಜಿ ಇಲ್ಲದ್ದರಿಂದ ಚೀಟಿಯಲ್ಲಿ ಕೆಂಪು ಸಾಲು ಬರಬಾರದು. ಇದು ಟೆಸ್ಟ್. ಒಂದು ಮಂಗಳವಾರ ಬೆಳಿಗ್ಗೆ ಅದು ಫೇಲ್ ಆಯಿತು. ಬರಬೇಕಾದದ್ದು ಖಾಲಿ, ಬಂದದ್ದು ಡೈಕ್ಲೋಫೆನಾಕ್ ಎಂದು ಪರದೆಯ ಮೇಲಿತ್ತು. ನೋವಿಗೆ ಕೊಡುವ ಒಂದು ಮದ್ದು ಅದು.

ನನಗೆ ನಗು ಬಂತು. ಇದು ನಮಗೆ ಹೊಸ ಕಾಯಿಲೆಯಲ್ಲ. ಮೊದಲಿನ ಟೆಸ್ಟಿನಲ್ಲಿ ಮಾಕ್‌ಗೆ ಹೇಳಿಕೊಟ್ಟದ್ದನ್ನು ಅಳಿಸದಿದ್ದರೆ ಅದು ಮುಂದಿನ ಟೆಸ್ಟಿನಲ್ಲೂ ಅದನ್ನೇ ಬಡಬಡಿಸುತ್ತದೆ. ಮೊದಲಿನ ಟೆಸ್ಟನ್ನು ತೆರೆದು ನೋಡಿದೆ. ಅಲ್ಲಿ ನಾವು ಹೇಳಿಕೊಟ್ಟದ್ದು ಪೆನಿಸಿಲಿನ್. ಡೈಕ್ಲೋಫೆನಾಕ್ ಎಂಬ ಶಬ್ದವನ್ನು ಇಡೀ ಪ್ರೋಗ್ರಾಮಿನಲ್ಲಿ ಹುಡುಕಿದೆ. ಒಂದೇ ಒಂದು ಕಡೆಯೂ ಇಲ್ಲ. ಮದ್ದುಗಳ ಪಟ್ಟಿಯನ್ನು ಆಸ್ಪತ್ರೆಯವರು ಇನ್ನೂ ನಮಗೆ ಕೊಟ್ಟೇ ಇರಲಿಲ್ಲ.

ಬಿನುವನ್ನು ಕರೆದೆ. ಅವನು ನಿಂತುಕೊಂಡೇ ಓದಿದ, ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

"ಚೇಚಿ, ನೀವು ಎಲ್ಲಿಯಾದ್ರೂ ಬರೆದು ಮರೆತದ್ದಾ?"

"ಹುಡುಕಿ ನೋಡು. ಸಿಕ್ಕಿದ್ರೆ ಒಪ್ಪಿಕೊಳ್ತೇನೆ."

ಅವನಿಗೂ ಸಿಗಲಿಲ್ಲ. ಆ ಒಂದು ಟೆಸ್ಟನ್ನು ಮಾತ್ರ ಬೇರೆಯಾಗಿ ಓಡಿಸಿದೆವು, ಫೇಲ್. ಯಂತ್ರವನ್ನು ಆರಿಸಿ ಮತ್ತೆ ಹಾಕಿದೆವು, ಫೇಲ್. ಇಂಟರ್ನೆಟ್ಟಿನ ವಯರು ಕಿತ್ತು ಓಡಿಸಿದೆವು. ಹೊರಗಿನಿಂದ ಏನೂ ಬರುವಂತಿರಲಿಲ್ಲ, ಆದರೂ ಅದೇ ಶಬ್ದ. ಮಾಕ್ ಅನ್ನು ಪೂರ್ತಿ ಅಳಿಸಿ ನಾನು ಮೊದಲಿನಿಂದ ಬರೆದೆ. ಎರಡು ಸಲ ಪಾಸಾಯಿತು. ನಾವು ಚಹಾ ತರಿಸಿ ಕುಡಿದೆವು. ಮೂರನೆಯ ಸಲ ಮತ್ತೆ ಡೈಕ್ಲೋಫೆನಾಕ್. ಬಿನುವಿನ ಯಂತ್ರದಲ್ಲಿ ಹಾಕಿ ನೋಡಿದರೆ ಅಲ್ಲೂ ಅದೇ.

ಮಧ್ಯಾಹ್ನದ ಊಟ ಬಿಟ್ಟು ಕೂತೆವು. ಮೂರು ಗಂಟೆಯ ಹೊತ್ತಿಗೆ ಬಿನು ಸುಮ್ಮನೆ ಪರೀಕ್ಷೆಗೆಂದು ರೋಗಿಯ ಹೆಸರನ್ನು ಬದಲಿಸಿದ. ಲೀಲಾ ಎಂದು ಹಾಕಿದ. ಪಾಸಾಯಿತು. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಪಾಸು. ಪೂವಕ್ಕ ಎಂದು ತಿರುಗಿ ಹಾಕಿದರೆ ಫೇಲು. ಹೆಸರಿಗೂ ಅಲರ್ಜಿಗೂ ಪ್ರೋಗ್ರಾಮಿನಲ್ಲಿ ಸಂಬಂಧವೇ ಇಲ್ಲ.

"ಹೆಸರು ಬದಲಿಸಿ ಬಿಡುವ ಚೇಚಿ," ಎಂದ ಬಿನು. "ಶುಕ್ರವಾರ ಆಸ್ಪತ್ರೆಯಲ್ಲಿ ಹಾಕ್ಲಿಕ್ಕುಂಟು. ಇದರ ಹಿಂದೆ ಕೂತ್ರೆ ಮುಗಿಯುದಿಲ್ಲ."

ಕಾರಣ ಗೊತ್ತಾಗದೆ ಟೆಸ್ಟನ್ನು ಪಾಸು ಮಾಡಿಸಬಾರದು ಎಂಬುದು ನನ್ನ ಕೆಲಸದ ಮೊದಲ ಪಾಠ. ಆದರೂ ಒಪ್ಪಿದೆ. ನಾನೇ ನನ್ನ ಕೈಯಾರೆ ಪೂವಕ್ಕನನ್ನು ಅಳಿಸಿ ಲೀಲಾ ಎಂದು ಬರೆದೆ. ಟೆಸ್ಟ್ ಪಾಸಾಗಿ ಪರದೆ ಹಸಿರಾಯಿತು. ಆ ಸಂಜೆ ಕುಂಬ್ರದಲ್ಲಿ ಬಸ್ಸಿನಿಂದ ಇಳಿದು ಮನೆಗೆ ನಡೆಯುವಾಗ ಏನೋ ಕದ್ದುಕೊಂಡು ಬಂದವಳ ಹಾಗೆ ಅನಿಸುತ್ತಿತ್ತು. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಸರಿಯಾಯ್ತಲ್ಲ ಈಗ," ಎಂದರು.

ಶುಕ್ರವಾರ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಕೌಂಟರಿನ ಹುಡುಗಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಬಿನು ಒಳಗೆ ಪ್ರಿಂಟರ್ ಜೋಡಿಸುತ್ತಿದ್ದ. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಹೆಂಗಸು ಸೊಂಟ ಹಿಡಿದುಕೊಂಡು ಬಂದರು, ಜೊತೆಗೆ ಸೊಸೆ. ಹುಡುಗಿ ಹೆಸರು, ವಯಸ್ಸು, ಊರು, ಅಲರ್ಜಿ ಕೇಳಿದಳು, ಟೈಪ್ ಮಾಡಿದಳು. ನಾನು ಅಕ್ಷರಗಳು ಸರಿ ಬರುತ್ತವೆಯೇ ಎಂದು ಪರದೆಯನ್ನಷ್ಟೇ ನೋಡುತ್ತಿದ್ದೆ. ಪೂವಕ್ಕ. ಅರುವತ್ತೊಂದು. ಮಂಡೆಕೋಲು. ಅಲರ್ಜಿ ಇಲ್ಲ.

ತಲೆಯೆತ್ತಿ ಅವರ ಮುಖ ನೋಡಿದೆ. ಎಂದೂ ಕಂಡ ಮುಖವಲ್ಲ. ಎತ್ತರದ, ಗಟ್ಟಿ ಮೂಳೆಯ ಹೆಂಗಸು, ಕಿವಿಯಲ್ಲಿ ಹಳೆಯ ಕಾಲದ ಬೆಂಡೋಲೆ.

"ಪೂವಕ್ಕ, ನಿಮಗೆ ಯಾವುದಾದ್ರೂ ಮದ್ದು ಆಗದೆ ಬಂದದ್ದುಂಟಾ?" ಎಂದು ಕೇಳಿದೆ.

"ಇಲ್ಲಪ್ಪ. ಜ್ವರ ಬಂದ್ರೆ ಒಂದು ಮಾತ್ರೆ. ಬೇರೆ ಎಂತ ಮದ್ದು ನನಗೆ?" ಎಂದರು. ಅವರ ಮನೆಮಾತು ಅರೆಭಾಷೆ, ನನ್ನದು ತುಳು. ನಾವು ಮಾತಾಡಿದ್ದು ಕನ್ನಡದಲ್ಲಿ.

ಅವರು ಡಾಕ್ಟರ ಕೋಣೆಗೆ ಹೋದರು. ಏನೂ ಆಗುವುದಿಲ್ಲ, ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಐದು ನಿಮಿಷದಲ್ಲಿ ನಮ್ಮ ಹೊಸ ಪ್ರಿಂಟರಿನಿಂದ ಚೀಟಿ ಹೊರಬಂತು. ಅಚ್ಚು ಚೆನ್ನಾಗಿತ್ತು. ತಲೆಯಲ್ಲಿ ಕೆಂಪು ಸಾಲು ಇರಲಿಲ್ಲ. ಮೊದಲನೆಯ ಮದ್ದು ಡೈಕ್ಲೋಫೆನಾಕ್ ಇಂಜೆಕ್ಷನ್.

ನಾನು ಎದ್ದು ಚುಚ್ಚುಮದ್ದಿನ ಕೋಣೆಗೆ ಹೋದೆ. ಫಿಲೋಮಿನಾ ಸಿಸ್ಟರ್ ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದರು.

"ಸಿಸ್ಟರ್, ಅದನ್ನು ಕೊಡುದು ಬೇಡ. ಅವರಿಗೆ ಅದು ಆಗ್ಲಿಕ್ಕಿಲ್ಲ."

"ಯಾರು ಹೇಳಿದ್ದು? ಕಂಪ್ಯೂಟರಲ್ಲಿ ಬಂತಾ?"

ಬಂದಿತ್ತು ಎನ್ನಲೇ? ಇಲ್ಲದ ಒಬ್ಬ ರೋಗಿಯ ಹೆಸರಿನಲ್ಲಿ, ಪುತ್ತೂರಿನ ಟಯರ್ ಅಂಗಡಿಯ ಮೇಲೆ ಮಂಗಳವಾರ ಬಂದಿತ್ತು ಎನ್ನಲೇ? "ಇಲ್ಲ," ಎಂದೆ. "ಆದ್ರೂ ಡಾಕ್ಟ್ರನ್ನು ಒಮ್ಮೆ ಕೇಳಿ."

ಸಿಸ್ಟರ್ ಸಿಟ್ಟಾಗಲಿಲ್ಲ. ಸಿರಿಂಜನ್ನು ತಟ್ಟೆಯಲ್ಲಿಟ್ಟು ಡಾಕ್ಟರನ್ನು ಕರೆದರು. ಡಾಕ್ಟರು ಬಂದು ನನ್ನ ಮಾತು ಕೇಳಿಸಿಕೊಂಡರು, ಪೂವಕ್ಕನ ಹತ್ತಿರ ಎರಡು ಮೂರು ಪ್ರಶ್ನೆ ಕೇಳಿದರು. ಪೂವಕ್ಕ ಮಂಚದ ಅಂಚಿನಲ್ಲಿ ಕೂತು ನೋವಿನಿಂದ ಮುಖ ಕಿವುಚಿಕೊಂಡಿದ್ದರು. "ನಂಗೆ ಎಂತದೂ ಇಲ್ಲ ಮಾರಾಯ್ರೆ. ಒಮ್ಮೆ ಕೊಟ್ಟು ಬಿಡಿ," ಎಂದರು.

"ದಿನಾ ಎಷ್ಟೋ ಜನರಿಗೆ ಕೊಡುವ ಮದ್ದು ಇದು," ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ನಿಮಗೆ ಸಂಶಯ ಯಾಕೆ ಬಂತು ಹೇಳಿ. ಕಾರಣ ಇದ್ದರೆ ಬೇರೆ ಕೊಡುವ."

ಕಾರಣ ಕೇಳಿದರು. ನ್ಯಾಯವಾಗಿಯೇ ಕೇಳಿದರು. ಸುಳ್ಳಾದರೂ ಹೇಳಬಹುದಿತ್ತು, ಇವರು ನನ್ನ ನೆಂಟರು, ಹಿಂದೊಮ್ಮೆ ಹೀಗಾಗಿತ್ತು ಎಂದು. ಅದು ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಆಗ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, "ಗೊತ್ತಿಲ್ಲ ಡಾಕ್ಟ್ರೇ, ಹಾಗೆ ಅನಿಸಿತು," ಎಂದೆ. ಅವರು ಸಿಸ್ಟರಿಗೆ ತಲೆಯಾಡಿಸಿದರು. ಹೊರಡುವಾಗ, "ಕೊಟ್ಟ ಮೇಲೆ ಅರ್ಧ ಗಂಟೆ ಇಲ್ಲೇ ಮಲಗಲಿ, ಕೂಡಲೇ ಬಸ್ಸಿಗೆ ಹೋಗುದು ಬೇಡ," ಎಂದಷ್ಟು ಸೇರಿಸಿದರು.

ಇಂಜೆಕ್ಷನ್ ಕೊಟ್ಟು ಆರೇಳು ನಿಮಿಷ ಆಗಿರಬೇಕು. ಪೂವಕ್ಕ ಅಂಗೈ ಕೆರೆದುಕೊಳ್ಳತೊಡಗಿದರು. ಆಮೇಲೆ ಗಂಟಲು ಕಟ್ಟಿದ ಸ್ವರದಲ್ಲಿ ಸೊಸೆಯನ್ನು ಕರೆದರು. ಎರಡನೆಯ ಸಲ ಕರೆಯಲು ಸ್ವರ ಇರಲಿಲ್ಲ. ತುಟಿ, ಕಣ್ಣು ಊದಿಕೊಂಡವು, ಅವರು ಮಂಚದ ಮೇಲೆ ಒಂದು ಕಡೆಗೆ ಸರಿದು ಬಿದ್ದರು. ಡಾಕ್ಟರು ಓಡಿ ಬಂದರು. ಆಮ್ಲಜನಕ, ಇನ್ನೊಂದು ಇಂಜೆಕ್ಷನ್, ಡ್ರಿಪ್, ಆಂಬುಲೆನ್ಸ್ ಎಂದು ಕೂಗಾಟ. ಸೊಸೆ ನನ್ನ ರಟ್ಟೆ ಹಿಡಿದು, "ನೀವು ಬೇಡ ಅಂತ ಹೇಳಿದ್ರಲ್ಲ, ನೀವು ಬೇಡ ಅಂತ ಹೇಳಿದ್ರಲ್ಲ," ಎಂದು ಅದನ್ನೇ ಹೇಳುತ್ತಿದ್ದಳು. ನಾನು ಅಲ್ಲಿ ಗೋಡೆಗೆ ಅಂಟಿ ನಿಂತಿದ್ದೆ. ಮಾಡಲು ಏನೂ ಇರಲಿಲ್ಲ.

ಪೂವಕ್ಕ ಉಳಿದರು. ಪುತ್ತೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿ, ನಾಲ್ಕನೆಯ ದಿನ ಕಣ್ಣು ಬಿಟ್ಟರು. ಹೀಗೆ ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುತ್ತದೆ, ಮೊದಲೇ ತಿಳಿಯುವ ದಾರಿಯಿಲ್ಲ ಎಂದು ಡಾಕ್ಟರು ಆಮೇಲೆ ನನಗೆ ಫೋನಿನಲ್ಲಿ ಹೇಳಿದರು. ಬಸ್ಸಿನಲ್ಲಿ ಹೀಗಾಗಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಕೊನೆಗೆ, "ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು. ಆ ದಿನ ಹೇಳಲಾಗದ್ದನ್ನು ಪೂರ್ತಿ ಹೇಳಿದೆ. ಅವರು ನಗಲಿಲ್ಲ.

ಕಾರಣ ಹುಡುಕದೆ ಬಿಟ್ಟವಳಲ್ಲ ನಾನು. ಆ ಹೆಸರನ್ನು ಮೊದಲೇ ಎಲ್ಲೋ ಕೇಳಿದ್ದೆನೋ ಎಂದು ಹಳೆಯ ವಿದ್ಯಾರ್ಥಿಗಳ ಹಾಜರಿ ಪುಸ್ತಕ ತೆಗೆದು ನೋಡಿದೆ, ಪೂವಕ್ಕನ ಮನೆಯವರು ಯಾರೂ ಇರಲಿಲ್ಲ. ನಾನು ಅಳಿಸಿದ್ದ ಹಳೆಯ ಫೈಲನ್ನು ಬಿನು ತೆಗೆದುಕೊಟ್ಟ. ಪೂವಕ್ಕನ ಹೆಸರಿನಲ್ಲೇ ಓಡಿಸಿದೆ. ಪಾಸಾಯಿತು. ಒಂದು ವಾರ ಬೆಳಿಗ್ಗೆ ಸಂಜೆ ಓಡಿಸಿದೆ. ಆ ಟೆಸ್ಟ್ ಮತ್ತೆ ಫೇಲಾಗಲೇ ಇಲ್ಲ. ಮಂಗಳವಾರದ ಪರದೆಯ ಚಿತ್ರವನ್ನು ನಾವಿಬ್ಬರೂ ತೆಗೆದಿಟ್ಟಿರಲಿಲ್ಲ. ಬಿನು ಇಲ್ಲದಿದ್ದರೆ ಅದನ್ನು ಕನಸೆಂದು ನಾನೇ ತೀರ್ಮಾನಿಸಿಬಿಡುತ್ತಿದ್ದೆ. ನಾನು ಈ ವಿಷಯ ಎತ್ತಿದರೆ ಅವನು, "ಅದು ಬೇಡ ಚೇಚಿ," ಎಂದು ಎದ್ದು ಹೋಗುತ್ತಾನೆ.

ಒಂದು ತಿಂಗಳ ಮೇಲೆ ಮಂಡೆಕೋಲಿಗೆ ಹೋಗಿ ಪೂವಕ್ಕನನ್ನು ಕಂಡುಬಂದೆ. ಅವರು ಬೈಯಬಹುದು ಎಂದುಕೊಂಡಿದ್ದೆ. ಅಡಿಗೆಮನೆಯಲ್ಲೇ ಕೂರಿಸಿ ದೋಸೆ ಹೊಯ್ದು ಕೊಟ್ಟರು, ಸುಳ್ಯದಲ್ಲಿ ಪಾಠ ಮಾಡಿದವಳೆಂದು ತಿಳಿದು ಟೀಚರ್ ಎಂದು ಕರೆದರು. ನಾನು ನಡೆದದ್ದನ್ನು ಬಿಡಿಸಿ ಹೇಳಿದೆ. ಮಾಕ್ ಎಂದರೇನು ಎಂದೂ ವಿವರಿಸಿದೆ. ಅವರು ದೋಸೆ ಮಗುಚುತ್ತಾ ಕೇಳಿದರು. ಎಷ್ಟು ಅರ್ಥವಾಯಿತೋ ತಿಳಿಯದು. ಹೊರಡುವಾಗ ನನ್ನ ಫೋನ್ ನಂಬರನ್ನು ಸೊಸೆಯ ಹತ್ತಿರ ಬರೆಸಿಕೊಂಡರು.

ಕಳೆದ ತಿಂಗಳು ಅವರ ಫೋನ್ ಬಂತು.

"ಟೀಚರೇ, ನಂಗೆ ಕಣ್ಣಿನ ಆಪರೇಶನ್ ಉಂಟು ನಾಳೆ. ಒಂದು ಇಂಜೆಕ್ಷನ್ ಕೊಡ್ತಾರಂತೆ. ಸೊಸೆ ಹೆಸರು ಓದಿ ಹೇಳ್ತಾಳೆ, ಅದು ನಂಗೆ ಆಗ್ತದಾ ನೋಡಿ."

"ಪೂವಕ್ಕ, ನಂಗೆ ಹೇಗೆ ಗೊತ್ತಾಗ್ತದೆ? ಡಾಕ್ಟ್ರನ್ನು ಕೇಳಿ."

"ಕೇಳಿಯಾಯ್ತು. ಆಗ್ತದೆ ಅಂತ ಹೇಳಿದ್ರು. ಆವತ್ತು ಸಹ ಡಾಕ್ಟ್ರು ಆಗ್ತದೆ ಅಂತಲೇ ಹೇಳಿದ್ದಲ್ವಾ?" ಅವರ ಸ್ವರದಲ್ಲಿ ದೂರು ಇರಲಿಲ್ಲ. "ನೀವು ಹೇಳಿ. ನೀವು ಹೇಳಿದ್ರೆ ನಾನು ಹೋಗ್ತೇನೆ."

ಸೊಸೆ ಮದ್ದಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ನಾನು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಇಬ್ಬರೂ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.