ಹನ್ನೊಂದನೇ ರೀಲು

ಒಂದು ಸಿನಿಮಾದ ಡಿಸ್ಕ್ ಬರಲಿ ಎಂದು ಕಾಯುತ್ತಿರುವವರ ಗುಂಪೊಂದು ನನ್ನ ಮೊಬೈಲಿನಲ್ಲಿದೆ. ಸಣ್ಣದೊಂದು ಮದುವೆಯ ಪಂಕ್ತಿಗೆ ಸಾಲುವಷ್ಟು ಜನ. ಅರ್ಧಕ್ಕರ್ಧ ಮಂದಿಗೆ ಮಂಡಿನೋವು, ಉಳಿದವರಿಗೆ ಸಕ್ಕರೆ ಕಾಯಿಲೆ. ಆದರೂ ಬೆಳಗಾದರೆ ಸಾಕು, ಇವತ್ತಾದರೂ ಸುದ್ದಿ ಬಂತಾ ಎಂದು ಒಬ್ಬ ತೆಲುಗಿನಲ್ಲಿ ಕೇಳುತ್ತಾನೆ, ನಂಬಿಕೆ ಇರಲಿ ತಮ್ಮಾ ಎಂದು ಇನ್ನೊಬ್ಬ ತೆಲುಗಿನಲ್ಲೇ ಸಮಾಧಾನ ಹೇಳುತ್ತಾನೆ. ಅದಕ್ಕೆ ಮೂವತ್ತು ಜನ ಕೈ ಮುಗಿಯುತ್ತಾರೆ. ಮುಗಿಯುವ ಕೈಗಳಲ್ಲಿ ನನ್ನದೂ ಒಂದಿರುತ್ತಿತ್ತು.

ತೆಲುಗು ಸಿನಿಮಾ, ಬಂದು ಇಪ್ಪತ್ತೈದು ವರ್ಷ. ಕರೆಂಟ್ ಆಫೀಸಿನ ಗುಮಾಸ್ತನೊಬ್ಬನಿಗೆ ಸಿಡಿಲು ಬಡಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಸತ್ತು ಪರಿಹಾರಕ್ಕೆ ಅರ್ಜಿ ಹಾಕಬೇಕಿತ್ತು, ಇವನಿಗೆ ಹಾರಲು ಬರುತ್ತದೆ. ಹಸಿರು ಹೊದಿಕೆ ಬೆನ್ನಿಗೆ ಕಟ್ಟಿಕೊಂಡು ಜಗತ್ತನ್ನು ಉಳಿಸುತ್ತಾನೆ. ಅವನು ಹಾರುವಾಗ ಸೊಂಟಕ್ಕೆ ಕಟ್ಟಿದ ತಂತಿ ಬರಿಗಣ್ಣಿಗೆ ಕಾಣುತ್ತಿತ್ತು. ಅದು ನಿರ್ದೇಶಕರು ಬೇಕೆಂದೇ ಇಟ್ಟದ್ದು, ಮನುಷ್ಯನ ಮಿತಿಗಳನ್ನು ತೋರಿಸಲು ಎಂದು ಗುಂಪಿನ ಹಿರಿಯರೊಬ್ಬರು ಎರಡು ಪುಟ ಬರೆದಿದ್ದಾರೆ. ಬೇರೆ ಊರುಗಳಲ್ಲಿ ಒಂದು ವಾರಕ್ಕೆ ಎತ್ತಿದ ಈ ಸಿನಿಮಾ ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಮೂರು ವಾರ ಓಡಿತು. ಮುಂದಿನ ಸಿನಿಮಾದ ಡಬ್ಬಿಗಳು ಬರುವುದು ತಡವಾಗಿತ್ತು, ಅಷ್ಟೇ.

ಇದು ಯಾವ ಆ್ಯಪಿನಲ್ಲೂ ಇಲ್ಲ. ಹಕ್ಕು ಯಾರದೆಂದು ಯಾರ್ಯಾರೋ ಜಗಳಾಡಿ ಮೂಲೆಗೆ ಹಾಕಿದ್ದರಂತೆ, ಈಗ ಒಂದು ಕಂಪನಿಯ ಕೈಗೆ ಬಂದಿದೆಯಂತೆ. ಬೆಳ್ಳಿಹಬ್ಬಕ್ಕೆ ಅವರು ಚಂದದ ಪೆಟ್ಟಿಗೆಯಲ್ಲಿ ಡಿಸ್ಕ್ ತರುತ್ತಾರೆ ಎಂದು ನಮ್ಮ ಲೆಕ್ಕ. ಕಂಪನಿಯವರು ಹಾಗೆಂದು ಎಲ್ಲೂ ಹೇಳಿಲ್ಲ. ದೀಪಾವಳಿಗೆ ಅವರು ಒಂದು ಹಣತೆಯ ಚಿತ್ರ ಹಾಕಿದರು. ಹಣತೆ ಹಸಿರು! ಹೊದಿಕೆ ಹಸಿರು! ಎರಡು ದಿನ ಗುಂಪಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಆದೋನಿಯ ಸರ್ಕಾರಿ ಕಚೇರಿಯೊಂದರಲ್ಲಿ ಕುಳಿತು, ಒಂದು ಸಹಿ ತಪ್ಪಿದ್ದಕ್ಕೆ ಜನರ ಅರ್ಜಿಗಳನ್ನು ವಾಪಸು ಕಳಿಸುವ ನಾನು, ಮನೆಗೆ ಬಂದು ಆ ಹಣತೆಯನ್ನು ದೊಡ್ಡದು ಮಾಡಿ ನೋಡಿದೆ. ಬತ್ತಿಯ ನೆರಳು ಹಾರುವ ಮನುಷ್ಯನ ಹಾಗೇ ಕಂಡಿತು.

ನನಗೆ ಈ ಹುಚ್ಚು ಹಿಡಿಸಿದವಳು ಅವ್ವ. ನಮ್ಮೂರು ಕೋಸಗಿಯಲ್ಲಿ ಅಣ್ಣನ ಮನೆಯಲ್ಲಿರುವ ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಸರಾ ಮುಗಿದ ಮೇಲೆ ಆಪರೇಷನ್ ಮಾಡಿಸಿ, ಕಪ್ಪು ಕನ್ನಡಕ ಹಾಕಿಸಿ ನನ್ನ ಮನೆಗೆ ಕರೆದುಕೊಂಡು ಬಂದೆ. ಕನ್ನಡಕ ತೆಗೆದ ಮೇಲೆ ಮೊದಲು ಏನು ನೋಡುತ್ತೀ ಎಂದು ಕೇಳಿದೆ. ಮೊಮ್ಮಕ್ಕಳ ಮುಖ ಎನ್ನುತ್ತಾಳೆ, ಇಲ್ಲವೇ ದೇವರು ಎನ್ನುತ್ತಾಳೆ ಎಂದುಕೊಂಡಿದ್ದೆ.

"ಆ ಹಾರಾಡೋ ಹುಡುಗನ ಸಿನಿಮಾ ಹಾಕವ್ವಾ" ಅಂದಳು. "ಅವನ ತಾಯಿನ ಇನ್ನೊಮ್ಮಿ ನೋಡಬೇಕಾಗೈತಿ. ಎಂಥಾ ಗಟ್ಟಿಗಿತ್ತಿ ಆಕಿ!"

ಹೀಗಾಗಿ ಗುಂಪಿಗೆ ಸೇರಿದೆ, ಕಂಪನಿಗೆ ಹೋಗುವ ಮನವಿಗೆ ಸಹಿ ಹಾಕಿದೆ, ಹಳೇ ಸಾಮಾನಿನ ಅಂಗಡಿಯಿಂದ ಒಂದು ಡಿಸ್ಕ್ ಪ್ಲೇಯರನ್ನೂ ತಂದೆ. ಡಿಸ್ಕ್ ಇರಲಿಲ್ಲ, ಪ್ಲೇಯರ್ ಇತ್ತು. ಟಿವಿಯ ಪಕ್ಕದಲ್ಲಿ ಕಸೂತಿ ಬಟ್ಟೆ ಹೊದೆಸಿ ಇಟ್ಟೆ. ಬಂದವರಿಗೆಲ್ಲ ನನ್ನ ಗಂಡ ಅದನ್ನು ತೋರಿಸಿ, "ಇದಕ್ಕ ದಿನಾ ಊದಬತ್ತಿ ಹಚ್ತಾಳ್ರಿ" ಎನ್ನುತ್ತಿದ್ದ. ಸುಳ್ಳು, ಧೂಳು ಮಾತ್ರ ಒರೆಸುತ್ತಿದ್ದೆ.

ಅವ್ವ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ. ನನಗಾಗ ಹತ್ತು ವರ್ಷ. ನಮ್ಮ ಕಡೆ ದುಡಿಯಲು ಊರು ಬಿಟ್ಟು ಹೋಗುವುದಕ್ಕೆ ಸುಗ್ಗಿಗೆ ಹೋಗುವುದು ಅನ್ನುತ್ತಾರೆ. ಸುಗ್ಗಿ ಬೇರೆಯವರದು, ಹೋಗುವವರು ನಾವು. ಆ ವರ್ಷ ಅಪ್ಪ, ಅವ್ವ, ಅಣ್ಣ ಮೂವರೂ ಮೊದಲ ಸಲ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಟಿದ್ದರು. ನನ್ನನ್ನು ಶಾಲೆಯ ನೆಪದಲ್ಲಿ ಅಜ್ಜಿಯ ಹತ್ತಿರ ಬಿಡುವುದೆಂದಾಗಿತ್ತು. ಹೊರಡುವ ಹಿಂದಿನ ದಿನ ಅವ್ವ ನನ್ನೊಬ್ಬಳನ್ನೇ ಕರೆದುಕೊಂಡು ರೈಲಿನಲ್ಲಿ ಆದೋನಿಗೆ ಬಂದಳು. ಉಗ್ಗಾಣಿ, ಮಿರ್ಚಿ ತಿನ್ನಿಸಿದಳು. ಮ್ಯಾಟ್ನಿ ತೋರಿಸಿದಳು. ಸಾಯಂಕಾಲದ ಪ್ಯಾಸೆಂಜರ್ ಗಾಡಿಗೆ ಕೋಸಗಿಗೆ ವಾಪಸು ಬಂದೆವು.

ಸಿನಿಮಾದಲ್ಲಿ ನಾಯಕನ ತಾಯಿ ಬಾಗಿಲಲ್ಲಿ ನಿಂತು, ಹಾರಿಹೋಗುವ ಮಗನಿಗೆ ಕೈ ಬೀಸಿ, "ಅನ್ನ ಆರೋದ್ರಾಗ ಬಾ" ಎಂದು ಕೂಗುತ್ತಾಳೆ. ಮುಂದಿನ ಕ್ಷಣದಲ್ಲೇ ಅವನು ಬೆಟ್ಟದ ಮೇಲೆ ಖಳನ ಎದುರು ನಿಂತಿರುತ್ತಾನೆ. ಗುದ್ದಾಟ, ಗೆಲುವು, ಕೊನೆಗೆ ಸೂರ್ಯನ ಕಡೆಗೆ ಹಾರುತ್ತಾನೆ. ಊಟಕ್ಕೆ ಮನೆಗೆ ಹೊರಟ ಎಂದು ಅವ್ವ ಹೇಳಿದಳು. ನಾನೂ ಹಾಗೇ ತಿಳಿದೆ. ಮೆಣಸಿನಕಾಯಿ ಹೊಲದಲ್ಲಿ ಅವ್ವ ಈ ಕಥೆಯನ್ನು ಎಷ್ಟು ಸಲ ಹೇಳಿದಳೆಂದರೆ, ಥೇಟರಿನ ಮುಖ ನೋಡದ ಹೆಂಗಸರಿಗೂ ಆ ತಾಯಿ ನೆಂಟಳಾಗಿಬಿಟ್ಟಿದ್ದಳು.

ಗುಂಪಿನವರು ಅಮ್ಮನ ಸೀನು, ಅಮ್ಮನ ಸೀನು ಎಂದು ಬಡಕೊಳ್ಳುತ್ತಿದ್ದರು. ಅಮ್ಮನ ಸೀನಿಗೆ ಅತ್ತವರು ಕೈ ಎತ್ತಿ ಎಂದು ಒಬ್ಬ ಕೇಳಿದಾಗ ನಾನೂ ಎತ್ತಿದ್ದೆ. ಬಾಗಿಲಲ್ಲಿ ನಿಂತು ಅನ್ನಕ್ಕೆ ಕರೆಯುವುದಕ್ಕೆ ಇವರೆಲ್ಲ ಯಾಕಿಷ್ಟು ಅಳುತ್ತಾರೋ, ಮನೆಯಲ್ಲಿ ಯಾರೂ ಅನ್ನಕ್ಕೆ ಕರೆಯುವುದಿಲ್ಲವೋ ಏನೋ ಎಂದು ಮರುಗಿದ್ದೂ ಉಂಟು. ಒಂದು ಭಾನುವಾರ ಯಾರೋ ಪುಣ್ಯಾತ್ಮ ಹಳೇ ಟೇಪಿನಿಂದ ತೆಗೆದ ನಾಲ್ಕು ನಿಮಿಷದ ತುಣುಕು ಹಾಕಿದ. ಮಸುಕು ಮಸುಕಾಗಿತ್ತು, ಆದರೆ ಸಾವು ಚೆನ್ನಾಗಿಯೇ ಕಾಣುತ್ತಿತ್ತು. ಮಗ ಎಲ್ಲಿಯೋ ಜಗತ್ತು ಉಳಿಸುತ್ತಿದ್ದಾನೆ, ತಾಯಿ ಮನೆಯಲ್ಲಿ ಒಬ್ಬಳೇ ಕುಸಿದು ಬೀಳುತ್ತಾಳೆ. ಅವನು ಬಂದು ನೋಡುವಾಗ ಅನ್ನ ಆರಿದೆ, ಅವಳೂ ಆರಿದ್ದಾಳೆ. ಇದರ ಪೂರ್ತಿ ಹನ್ನೆರಡು ನಿಮಿಷ ಡಿಸ್ಕಿನಲ್ಲಿ ಬರಲೇಬೇಕು ಎಂದು ಗುಂಪು ಚಪ್ಪಾಳೆ ತಟ್ಟಿತು.

ನನಗೆ ಸಿಟ್ಟು ಬಂತು. ನಾನು ಸಿನಿಮಾದ ಮಧ್ಯೆ ನಿದ್ದೆ ಹೊಡೆದಿದ್ದೆನೇ? ಅವ್ವನೂ ಹೊಡೆದಳೇ?

ಆ ಕಾಲದಲ್ಲಿ ಥೇಟರಿನಲ್ಲಿ ಸಿನಿಮಾ ಆಡಿಸುತ್ತಿದ್ದ ಆಪರೇಟರು ಕೋಸಗಿಯವರೇ, ನಮ್ಮ ಅಣ್ಣನ ಮನೆಯಿಂದ ಎರಡು ಓಣಿ ಆಚೆ. ಮುಂದಿನ ವಾರ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಸಿನಿಮಾದ ಹೆಸರು ಹೇಳುವ ಮೊದಲೇ, ನಾನು ಹಸಿರು ಹೊದಿಕೆ ಎಂದದ್ದಕ್ಕೇ ನಕ್ಕರು. ತಾಯಿ ಸಾಯುವುದನ್ನು ನಾವು ನೋಡಲೇ ಇಲ್ಲವಲ್ಲ ಎಂದು ಕೇಳಿದೆ.

"ಹನ್ನೊಂದನೇ ರೀಲು" ಅಂದರು. "ಅದನ್ನ ನಾ ಹಾಕ್ತಿರಲಿಲ್ಲ. ಹತ್ತು ಆದ ಮ್ಯಾಲೆ ಸೀದಾ ಹನ್ನೆರಡು."

"ಯಾಕ್ರಿ ಕಾಕಾ?"

"ಗಾಡಿ ತಪ್ಪತಿತ್ತು. ಸಿನಿಮಾ ನೋಡಿದ್ರ ಮೂರು ತಾಸಿನ ಮ್ಯಾಲೆ. ಮ್ಯಾಟ್ನಿಗೆ ಬರೋರು ಅರ್ಧ ಜನ ಈ ಕಡೆಯವರು. ಗಾಡಿ ಸೀಟಿ ಹಾಕಿದ್ರ ಸಾಕು, ಹೀರೋ ಸಾಯಾಕ ಹತ್ತಿದ್ರೂ ಎದ್ದು ಓಡ್ತಿದ್ರು." ಶೇಂಗಾ ಬಾಯಿಗೆ ಹಾಕಿಕೊಂಡು, ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. "ನಾನೂ ಅದೇ ಗಾಡಿಗೆ ಬರಬೇಕಲ್ಲಮ್ಮಾ!"

"ಅದೇ ರೀಲು ಯಾಕ? ಬ್ಯಾರೆದು ತೆಗೀಬಾರದಿತ್ತಾ?"

"ಫೈಟ್ ತೆಗೆದ್ರ ಸೀಟು ಹರೀತಾರ. ಹಾಡು ತೆಗೆದ್ರ ನನ್ನ ಹರೀತಾರ. ಅಳೋದು ತೆಗೆದ್ರ ಯಾರೂ ಕೇಳಂಗಿಲ್ಲ. ಅಂತೇ ಕದಮ್ಮಾ, ಅಷ್ಟೇ ಅಲ್ಲೇನು!"

ಸಾಯಂಕಾಲದ ಆಟ ಆಡಿಸುತ್ತಿದ್ದವನು ಬೇರೆಯವನಂತೆ, ಆದೋನಿಯವನಂತೆ, ಅವನಿಗೆ ಗಾಡಿಯ ಚಿಂತೆ ಇರಲಿಲ್ಲವಂತೆ. ಅಂದರೆ ಒಂದೇ ಪರದೆಯ ಮೇಲೆ ಆ ಹೆಂಗಸು ಮೂರು ವಾರ ಮ್ಯಾಟ್ನಿಗೆ ಬದುಕಿದ್ದಳು, ಸಾಯಂಕಾಲ ಸಾಯುತ್ತಿದ್ದಳು. ಯಾವ ಸಿಡಿಲಿನಿಂದಲೂ ಬರದ ಇಂಥ ಶಕ್ತಿ ರೈಲ್ವೆ ವೇಳಾಪಟ್ಟಿಯಿಂದ ಬಂದಿತ್ತು. ನಿರ್ದೇಶಕರ ಮೂಲ ಆವೃತ್ತಿ ಬೇಕು ಎಂದು ಗುಂಪಿನವರು ತಿಂಗಳುಗಟ್ಟಲೆ ಎದೆ ಬಡಿದುಕೊಂಡಿದ್ದರು. ನಮ್ಮೂರಿಗೆ ಬಂದದ್ದು ಕೋಸಗಿ ಪ್ಯಾಸೆಂಜರಿನ ಆವೃತ್ತಿ ಎಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಅಂದಿನಿಂದ ಇಡೀ ಗುಂಪಿನಲ್ಲಿ ಡಿಸ್ಕ್ ಬರದಿರಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ. ಅವ್ವ ಹೊಸ ಕಣ್ಣಿನಲ್ಲಿ ಮೊದಲು ನೋಡುವುದು ಆ ಸಾವನ್ನೇ? ಇಷ್ಟು ವರ್ಷ ತಾನು ಹೊಲಹೊಲಕ್ಕೂ ಹೊತ್ತುಕೊಂಡು ತಿರುಗಿದ ಆ ತಾಯಿ ಹೀಗೆ ನೆಲದ ಮೇಲೆ ಬಿದ್ದಿರುವುದನ್ನೇ? ಮುಂದಕ್ಕೆ ಓಡಿಸಿಬಿಡೋಣ ಎಂದು ರಿಮೋಟಿನ ಗುಂಡಿ ಒತ್ತುವುದನ್ನು ಕದ್ದು ಅಭ್ಯಾಸ ಮಾಡಿದೆ. ಗಂಡ ಕಂಡು, ಡಿಸ್ಕ್ ಇಲ್ಲದ ಪ್ಲೇಯರಿನಲ್ಲಿ ಏನು ಓಡಿಸುತ್ತಿದ್ದೀ ಎಂದು ಕೇಳಿದ.

ಹಾಗಿರುವಾಗ ಕಂಪನಿಯಿಂದ ಒಂದು ಸಾಲು ಬಂತು. ಅಭಿಮಾನಿಗಳ ಕೋರಿಕೆ ನಮ್ಮ ಗಮನದಲ್ಲಿದೆ, ಪರಿಶೀಲಿಸಲಾಗುತ್ತಿದೆ. ಜನರನ್ನು ಬರಿಗೈಯಲ್ಲಿ ಮನೆಗೆ ಕಳಿಸಲು ನಮ್ಮ ಕಚೇರಿಯಲ್ಲಿ ನಾನು ದಿನಕ್ಕೆ ಹತ್ತು ಸಲ ಬರೆಯುವ ಸಾಲು ಅದು. ಗುಂಪಿಗೆ ಅದು ತಿಳಿಯದು. ಪಟಾಕಿ, ಹೂವು, ಹಸಿರು ಹೃದಯಗಳು. ನನ್ನ ಮಗ ಅದನ್ನು ನೋಡಿ, ಒಳಗೆ ಓಡಿಹೋಗಿ ಅಜ್ಜಿಗೆ ಹೇಳಿಬಿಟ್ಟ. ಅವ್ವ ಕಪ್ಪು ಕನ್ನಡಕ ಸರಿ ಮಾಡಿಕೊಂಡು, ಗೋಡೆ ಹಿಡಿದುಕೊಂಡು ಬಂದು ಟಿವಿಯ ಮುಂದೆ ಕುಳಿತಳು.

"ಬಂತೇನ?"

ಪರಿಶೀಲನೆಯಲ್ಲಿದೆ ಅನ್ನಬಹುದಿತ್ತು. ಅದರಲ್ಲಿ ನನಗೆ ಕೈ ಪಳಗಿದೆ. ಆದರೆ ಅವ್ವನ ಮುಖ ನೋಡಿ ಬಾಯಿ ಬರಲಿಲ್ಲ.

"ಅವ್ವ, ಆ ಸಿನಿಮಾದಾಗ ತಾಯಿ ಸಾಯ್ತಾಳ" ಅಂದೆ. ರೈಲಿನ ವಿಷಯ, ರೀಲಿನ ವಿಷಯ, ಆಪರೇಟರ್ ಕಾಕಾ ಶೇಂಗಾ ತಿನ್ನುತ್ತ ಹೇಳಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತದ್ದು ನಾನು, ಅವ್ವ ಅಲ್ಲ.

"ಹೆಂಗ ಸಾಯ್ತಾಳ?"

"ಮಗ ಇಲ್ಲದಾಗ. ಅಂವ ಬರೋದ್ರಾಗ ಎಲ್ಲಾ ಮುಗಿದಿರ್ತೈತಿ."

ಅವ್ವ ಕೋಸಗಿಯ ದಿಕ್ಕಿಗೆ ಕೈ ಎತ್ತಿ ಮುಗಿದಳು.

"ಆ ಹಿರೇ ಮನಷ್ಯಾಗ ಪುಣ್ಯ ಬರಲಿ."

"ಯಾಕವ್ವ? ನಿನಗ ಸಿಟ್ಟು ಬರಲಿಲ್ಲೇನ?"

"ಮರುದಿನ ನಾ ಸುಗ್ಗಿಗೆ ಹೊಂಟಿದ್ದೆ. ನಿನ್ನ ಸಮಾಧಾನ ಮಾಡಾಕಂತನ ಸಿನಿಮಾಕ್ಕ ಕರಕೊಂಡು ಹೋಗಿದ್ದೆ. ಅದನ್ನ ನೋಡಿದ್ರ ನೀ ನನ್ನ ಸೆರಗ ಬಿಡ್ತಿದ್ದೇನ ತಂಗಿ?"

ಬಿಡುತ್ತಿರಲಿಲ್ಲ.