ಕೆಂಪು ಗೆರಿಗೆ ಮಾತು ಕಲಿಸಿದ ಅಕ್ಕೋರು

ಅಕ್ಕೋರ ಬಲಗಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಹಿಮ್ಮಡಿ ನೆಲಕ್ಕ ಹತ್ತಿದ್ದನ್ನ ನಾನು ನೋಡಿಲ್ಲ. ಕಾಲುಂಗುರ ಫರಸಿ ಕಲ್ಲಿಗೆ ಬಡಿದು ಟಕ್ ಟಕ್ ಅನ್ನುತ್ತಿತ್ತು. ಕಸ ಹೊಡೆಯುವಾಗ ನಾನು ಕಸಬರಿಗಿ ತಾಕಿಸಿ, ಎತ್ರಿ ಅನ್ನಬೇಕು. ಎತ್ತಿ ಕುರ್ಚಿ ಮ್ಯಾಲ ಮಡಚಿಕೊಂಡು ಅಲ್ಲೂ ಅಲ್ಲಾಡಿಸುತ್ತಿದ್ದರು.

ನಾನು ಶಹಾಬಾದದಾಕಿ. ಇಲ್ಲೇ ಒಂದು ಡಿಪ್ಲೊಮಾ ಕಾಲೇಜಿನಾಗ ಆಯಾ ಕೆಲಸ ಮಾಡಿದೆ. ಕಾಲೇಜಿನ ಹೆಸರು ಬ್ಯಾಡ. ನಾನು ಸಾಲಿ ಓದಿದ್ದು ಎರಡನೇ ಇಯತ್ತೆ ತನಕ. ಅಕ್ಷರ ಕೂಡಿಸಿಕೊಂಡು ಓದುತ್ತೀನಿ, ಬರೆದರೆ ಸೊಟ್ಟ ಬರುತ್ತದ. ಇದನ್ನೂ ಹಂಗೇ ಬರೆದೀನಿ, ತಿದ್ದಿದವರು ಬ್ಯಾರೆಯವರು.

ಅಕ್ಕೋರು ಕಂಪ್ಯೂಟರ್ ಕಲಿಸಲಿಕ್ಕೆ ಸೇಡಂದಿಂದ ಬರುತ್ತಿದ್ದರು. ವಾಡಿಯೊಳಗೆ ಗಾಡಿ ಬದಲಿಸಬೇಕು. ಕಾಯುವಷ್ಟು ಹೊತ್ತೂ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ತಿರುಗುವುದು. ಒಮ್ಮೆ ತಿರುಗುತ್ತ ತಿರುಗುತ್ತ ಏನೋ ವಿಚಾರ ಮಾಡಿ, ಮುಂದೆ ಬಂದು ನಿಂತ ಗಾಡಿಯನ್ನೇ ಬಿಟ್ಟರಂತ. ಕಾಗದದ ಮ್ಯಾಲ ಅವರು ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ವರ್ಷ ವರ್ಷ ಕಾಲೇಜಿನವರು ಕರೆದರೆ ಬರಬೇಕು, ಕರೆಯಲಿಲ್ಲ ಅಂದರೆ ಮನಿಯಾಗ ಕೂಡಬೇಕು. ಅವರ ಮನಿ ಆ ಕೆಲಸದ ಮ್ಯಾಲೇ ನಡೆಯುತ್ತಿತ್ತು.

ಲ್ಯಾಬಿನಾಗ ಮಕ್ಕಳು ಪ್ರೋಗ್ರಾಂ ಬರೆಯಲಿಕ್ಕೆ ಒಂದು ಸಾಫ್ಟ್‌ವೇರ್ ಇತ್ತು. ಬರೆಯುವುದು, ಓಡಿಸಿ ನೋಡುವುದು, ತಪ್ಪು ಹುಡುಕುವುದು ಎಲ್ಲಾ ಅದರೊಳಗೇ. ತಪ್ಪಿದಲ್ಲಿ ಕೆಂಪು ಗೆರಿ ಬೀಳುತ್ತದ, ಕೆಳಗೆ ಇಂಗ್ಲಿಷಿನಾಗ ಒಂದು ಸಾಲು ಬರುತ್ತದ. ಕನ್ನಡ ಸಾಲಿಯಿಂದ ಬಂದ ಹುಡುಗ್ಯಾರು ಆ ಕೆಂಪು ಕಂಡರೆ ಕೈ ತೆಗೆದು ತೊಡಿ ಮ್ಯಾಲ ಇಟ್ಟುಕೊಂಡು ಕೂಡುತ್ತಿದ್ದರು. ಚಿಂಚೋಳಿ ಕಡೆಯ ಒಬ್ಬಾಕಿ ಎರಡು ಸರ್ತಿ ಫೇಲಾಗಿ, ಊರಿಗೆ ಹೋಗ್ತೀನಿ ಅಂತ ಗಂಟು ಕಟ್ಟಿದ್ದಳು.

ಅಕ್ಕೋರಿಗೆ ಇದು ತಡೆಯಲಿಲ್ಲ. ಆ ಸಾಫ್ಟ್‌ವೇರ್ ಪುಕಟಾ. ಮಾಡಿದವರು ಒಳಗಿನದೆಲ್ಲ ಬಿಚ್ಚಿ ಇಟ್ಟಾರ, ಯಾರಿಗೆ ಏನು ಬೇಕೋ ಜೋಡಿಸಿಕೊಳ್ಳಲಿ ಅಂತ. ಗಾರೆ ಬಳಿಯದ ಗೋಡಿ ಇದ್ದಂಗ ಅಂತ ನನಗ ತಿಳಿಸಿ ಹೇಳಿದ್ದರು: ಕಲ್ಲು ಸರಿಸಿ ಬೇಕಾದಲ್ಲಿ ಗೂಡು ಮಾಡಿಕೋ, ಯಾರೂ ಬ್ಯಾಡ ಅನ್ನುವುದಿಲ್ಲ. ಅಕ್ಕೋರು ಮಾಡಿದ ಗೂಡು ಏನಂದರೆ, ಕೆಂಪು ಗೆರಿ ಬಿದ್ದಾಗ ಕೆಳಗಿನ ಸಾಲು ಕನ್ನಡದಾಗ ಬರುವಂಗ ಮಾಡಿದ್ದು. ಮೊದಲು ಪುಸ್ತಕದ ಕನ್ನಡದಾಗ ಬರೆದರು. ಹುಡುಗ್ಯಾರು ಓದಿ, ಇದಕ್ಕಿಂತ ಇಂಗ್ಲಿಷೇ ಇರಲ್ರಿ ಅಂದರು. ಅಕ್ಕೋರು ಎದ್ದು ಲ್ಯಾಬಿನ ತುಂಬ ನಾಕು ಸುತ್ತು ತಿರುಗಿ, ಬಾಗಿಲ ಕಡೆ ನೆಲ ಒರೆಸುತ್ತಿದ್ದ ನನ್ನ ಮುಂದ ಬಂದು ನಿಂತರು.

"ಯವ್ವಾ, ಬಾಗಲಾ ತೆರದು ಮುಚ್ಚಲಾರದೇ ಹೋದವರಿಗೆ ನೀ ಏನಂತಿ?"

"ಬಾಗಲಾ ತೆರದಿ, ಮುಚ್ಚಾಕ ನಿಮ್ಮಪ್ಪ ಬರ್ತಾನೇನು, ಅಂತೀನ್ರಿ."

ಅಪ್ಪನನ್ನ ಬಿಟ್ಟು ಉಳಿದದ್ದು ಬರೆದುಕೊಂಡರು. ಪ್ರೋಗ್ರಾಮಿನಾಗ ಕಂಸ ಅಂತ ಅದಂತ, ತೆರೆದರೆ ಮುಚ್ಚಲೇಬೇಕಂತ. ಇನ್ನೊಂದು, ಎಲ್ಲೂ ಹೇಳಿರದ ಹೆಸರು ಬರೆದರೆ ಏನನ್ನಬೇಕು ಅಂದರು. ಈ ಹೆಸರಿನವರು ಈ ಓಣ್ಯಾಗ ಯಾರೂ ಇಲ್ಲ ಅಂದೆ. ಅದೂ ಒಳಗ ಹೋಯಿತು. ಆ ಮಳೆಗಾಲ ಪೂರಾ ಇದೇ ನಡೆಯಿತು. ನಾನು ಒರೆಸುತ್ತ ಹೇಳುವುದು, ಅವರು ತಿರುಗುತ್ತ ಕೇಳುವುದು, ಓಡಿ ಹೋಗಿ ಕಂಪ್ಯೂಟರಿನಾಗ ಬಡಿಯುವುದು. ಬಡಿದದ್ದು ನಡೆಯದಿದ್ದರೆ ಉಣ್ಣುತ್ತಿರಲಿಲ್ಲ. ನಡೆದರೂ ಉಣ್ಣುತ್ತಿರಲಿಲ್ಲ, ಮುಂದಿನದಕ್ಕ ಕೈ ಹಾಕುತ್ತಿದ್ದರು. ಅವರ ಡಬ್ಬಿಯ ರೊಟ್ಟಿ ಎಷ್ಟೋ ದಿನ ನಾನೇ ತಿಂದೀನಿ. ಈ ಹೆಣ್ಣುಮಗಳಿಗೆ ತಲಿ ನೆಟ್ಟಗಿಲ್ಲ ಅಂತ ಅನ್ನಿಸುತ್ತಿತ್ತು, ಅಂದೂ ಅಂದೆ. ನೆಟ್ಟಗಿದ್ದವರು ಏನು ಮಾಡ್ಯಾರ ಯವ್ವಾ ಅಂದರು.

ಚಿಂಚೋಳಿ ಹುಡುಗಿ ಗಂಟು ಬಿಚ್ಚಿದಳು. ಸಾಲು ಓದಿ ನಗುತ್ತಿದ್ದಳು, ನಕ್ಕು ತಿದ್ದುತ್ತಿದ್ದಳು.

ಒಂದು ದಿನ ಅಕ್ಕೋರು ಕೇಳಿದರು, ಅದೇ ತಪ್ಪು ಮೂರು ಸರ್ತಿ ಮಾಡಿದವರಿಗೆ ಏನನ್ನಲಿ ಅಂತ. ನಾನು ಅಂದೆ:

"ಕಣ್ಣು ಕುಂಡ್ಯಾಗ ಅದಾವೇನು?"

ಅವರು ಹೊಟ್ಟಿ ಹಿಡಿದುಕೊಂಡು ನಕ್ಕರು. ಹಾಕಬ್ಯಾಡ್ರಿ, ಯಾರರ ದೊಡ್ಡವರು ಓದ್ಯಾರು ಅಂದೆ. ದೊಡ್ಡವರು ಮೂರು ಸರ್ತಿ ತಪ್ಪತಾರೇನು ಅಂದು ಹಾಕೇಬಿಟ್ಟರು.

ಪರೀಕ್ಷೆಯ ದಿನ ಈ ಕನ್ನಡ ಸಾಲು ಯಾವ ಕಂಪ್ಯೂಟರಿನಾಗೂ ಇರಬಾರದು. ಅಕ್ಕೋರು ಹಿಂದಿನ ದಿನವೇ ಎಲ್ಲಾ ತೆಗೆದಿದ್ದರು. ರಿಪೇರಿಗೆ ಹೋಗಿದ್ದ ಒಂದು ಕಂಪ್ಯೂಟರ್ ಪರೀಕ್ಷೆಯ ದಿನ ಮುಂಜಾನೆ ಬಂತು, ಅದರಾಗ ಉಳಿದಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಸರಿ ಅದ ಇಲ್ಲ ನೋಡಲಿಕ್ಕೆ ತಾವೇ ಅದರ ಮುಂದ ಕೂತರು. ಬರೆದರು, ಓಡಿಸಿದರು, ಕೆಂಪು ಬಂತು. ಕೆಳಗಿನ ಸಾಲು ಓದದೇ ಮತ್ತ ಓಡಿಸಿದರು. ಮೂರನೇ ಸರ್ತಿ ಓದಿದರು.

ಹುಡುಗ್ಯಾರು ವೇಲು ಬಾಯಿಗೆ ತುರುಕಿಕೊಂಡರು. ಪರೀಕ್ಷಕರು ಎದ್ದು ಸೀದಾ ಪ್ರಿನ್ಸಿಪಾಲರ ಕೋಣಿಗೆ ಹೋದರು.

ಮಧ್ಯಾಹ್ನ ನಮ್ಮಿಬ್ಬರನ್ನೂ ಒಳಗೆ ಕರೆಸಿದರು. ಇಂಥ ಹೊಲಸು ಮಾತು ಕಾಲೇಜಿನಾಗ ಎಲ್ಲಿಂದ ಬಂತು ಅಂತ ಪ್ರಿನ್ಸಿಪಾಲರು ಕೇಳಿದರು. ಅಕ್ಕೋರ ಲ್ಯಾಪ್‌ಟಾಪ್ ಮೇಜಿನ ಮ್ಯಾಲ ತೆರೆದೇ ಇತ್ತು. ಈ ಬಿಚ್ಚಿಟ್ಟ ಸಾಫ್ಟ್‌ವೇರ್ ಮಾಡುವವರಲ್ಲಿ ಒಂದು ರಿವಾಜು ಅದ: ಒಂದೇ ಸಾಲು ಕೊಟ್ಟವರದಾದರೂ ಹೆಸರು ಬರೆಯಬೇಕು. ಆ ಸಾಲಿನ ಮುಂದ ನನ್ನ ಹೆಸರು ಇತ್ತು. ನಾನೇ ಅಕ್ಷರ ಕೂಡಿಸಿ ಓದಿದ್ದೆ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಆಯಾ, ನೀ ಯಾವಾಗಲೂ ಆ ಲ್ಯಾಬಿನಾಗೇ ಇರ್ತಿ. ಇದು ನಿನ್ನ ಮಾತೇನು?"

ನಂದು ಗುತ್ತಿಗೆ ಕೆಲಸ. ಹೋಗು ಅಂದರೆ ಹೋಗಬೇಕು.

"ನನಗ ಅಕ್ಷರನೇ ಬರಂಗಿಲ್ರಿ ಸಾಹೇಬ್ರ. ನಾ ಕಸ ಹೊಡಿಯಾಕಿ. ನನಗೇನು ತಿಳೀತದ."

ಅಕ್ಕೋರು ನನ್ನ ಕಡೆ ಒಂದು ಸರ್ತಿ ನೋಡಿದರು. ಲ್ಯಾಪ್‌ಟಾಪ್ ತಿರುಗಿಸಿದ್ದರೆ ನನ್ನ ಸುಳ್ಳು ಅಲ್ಲೇ ಬೀಳುತ್ತಿತ್ತು. ಅವರು ಅದನ್ನ ಮುಚ್ಚಿದರು. ನಂದೇ ತಪ್ಪು ಸರ್ ಅಂದರು.

ಮುಂದಿನ ವರ್ಷ ಅವರನ್ನ ಕರೆಯಲಿಲ್ಲ. ಲ್ಯಾಬಿನ ಕಂಪ್ಯೂಟರ್ ಎಲ್ಲಾ ಅಳಿಸಿ ಹೊಸದು ಹಾಕಿದರು. ಚಿಂಚೋಳಿ ಹುಡುಗಿ ಪಾಸಾಗಿ ಹೋಗಿದ್ದಳು, ಅದೊಂದು ಆಯಿತು. ಅಕ್ಕೋರಿಗೆ ಚಿತ್ತಾಪುರದಾಗ ಅರ್ಧ ದಿನದ ಕೆಲಸ ಸಿಕ್ಕಿತಂತ, ಅದೂ ನಿಂತಿತಂತ. ಕೇಳಿದ ಮ್ಯಾಲ ನನಗ ಕೂತಲ್ಲಿ ಕೂಡಲಿಕ್ಕೆ ಆಗಲಿಲ್ಲ. ಒರೆಸಿದ್ದನ್ನೇ ಒರೆಸುತ್ತಿದ್ದೆ. ಹೋಗಿ ಹೇಳಬೇಕು ಅನ್ನುತ್ತಿದ್ದೆ, ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬರುತ್ತಿದ್ದೆ. ನಾಕು ವರ್ಷ ಹಿಂಗೇ ಕಳೆದೆ. ಮೊಣಕಾಲು ಹೋಗಿ ಕೆಲಸ ಬಿಟ್ಟ ಮ್ಯಾಲೇ ಸೇಡಂಕ ಹೋದೆ.

ಅಕ್ಕೋರು ಅಡಗಿಮನಿ ಕಟ್ಟಿ ಮ್ಯಾಲ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಬಡಿಯುತ್ತಿದ್ದರು. ತಾವು ಮಾಡಿದ ಗೂಡನ್ನೂ ಎಲ್ಲರಿಗೂ ಬಿಚ್ಚಿ ಇಟ್ಟಿದ್ದರಂತ; ಬೆಳಗಾವಿ ಕಡೆಯವರು ಯಾರೋ ಅದರಾಗ ತಮ್ಮ ಬೈಗಳನೂ ಕೂಡಿಸ್ಯಾರ ನೋಡು ಅಂತ ತೋರಿಸಿದರು. ಚಹಾ ಕೊಟ್ಟರು. ಅವತ್ತು ನಾ ಸುಳ್ಳು ಹೇಳಿದೆ ಅಂದೆ. ಕೀಲಿಮಣಿ ಮ್ಯಾಲಿನ ಅವರ ಕೈ ನಿಲ್ಲಲಿಲ್ಲ.

"ನನ್ನ ಮುಂದ ಯಾಕ ಹೇಳತಿ ಯವ್ವಾ? ನನಗ ಗೊತ್ತೇ ಅದ. ಗೊತ್ತಿಲ್ಲದವರ ಮುಂದ ಹೇಳು."

ಹೋಗಲಿ ಬಿಡು ಅನ್ನಲಿಲ್ಲ. ಅಂತಾರ ಅಂತ ನಾ ಹೋಗಿದ್ದೆ.

ಮರುದಿನ ಕಾಲೇಜಿಗೆ ಹೋದೆ. ಆ ಪ್ರಿನ್ಸಿಪಾಲರು ವರ್ಗ ಆಗಿ ಹೋಗಿದ್ದರು. ಹೊಸಬರು ಒಳ್ಳೆಯವರು, ಕುಂದ್ರಿ ಅಂದರು. ಎಲ್ಲಾ ಹೇಳಿದೆ. ಪೂರಾ ಕೇಳಿ, ಯಾವ ಮೇಡಂ ಅಂದರು. ಕ್ಲಾರ್ಕಿಗೆ ಕೇಳಿದರೆ ಅವನೂ ಹೊಸಬ. ಅತಿಥಿಗಳು ಭಾಳ ಮಂದಿ ಬಂದು ಹೋಗ್ಯಾರ್ರಿ, ಯಾರಂತ ಹೇಳೂಣು ಅಂದ.

ಮನಿಗೆ ಬಂದು ಇದನ್ನ ಬರೆದೆ. ನಿಮಗ ಯಾರಿಗೂ ಗೊತ್ತಿಲ್ಲ, ಅದಕ್ಕ ನಿಮ್ಮ ಮುಂದ ಹೇಳಾಕತ್ತೀನಿ. ಆ ಮಾತು ಅಕ್ಕೋರದಲ್ಲ, ನಂದು.